ಢೋಕಳಾ ತಟ್ಟೆಯ ಆಂಪ್ಲಿಫೈಯರು

ಹೊಸದಾಗಿ ಏನನ್ನಾದರೂ ಕೊಳ್ಳಬೇಕೆಂದರೆ ನನಗೆ ಜ್ವರ ಬಂದಂತಾಗುತ್ತದೆ. ಹಳೆಯದನ್ನು ಬಿಸಾಡಬೇಕೆಂದರೆ ಸನ್ನಿಯೇ ಹಿಡಿಯುತ್ತದೆ. ಈ ಎರಡು ಕಾಯಿಲೆಗಳ ನಡುವೆ ನಮ್ಮ ಮನೆಯ ಬಾಲ್ಕನಿ ತುಂಬಿಹೋಗಿದೆ. ಅಹಮದಾಬಾದಿನ ಮೇ ತಿಂಗಳ ಬಿಸಿಲಿನಲ್ಲಿ ಬೇರೆಯವರ ಬಾಲ್ಕನಿಗಳಲ್ಲಿ ಹಪ್ಪಳ ಒಣಗುತ್ತವೆ, ಸಕ್ಕರೆ ಬೆರೆಸಿದ ಮಾವಿನಕಾಯಿಯ ಛುಂದಾ ತುಂಬಿದ ಭರಣಿಗಳು ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂತಿರುತ್ತವೆ. ನಮ್ಮ ಬಾಲ್ಕನಿಯಲ್ಲಿ ನಿಂತುಹೋದ ಫ್ಯಾನಿನ ಮೋಟರು, ಮೂಗನಾದ ಟೇಪ್ ರೆಕಾರ್ಡರು, ಯಾವ ಯಂತ್ರದಿಂದ ಬಂದವೆಂದು ನನಗೂ ಮರೆತುಹೋದ ಮೂರು ಡಬ್ಬಿ ತಿರುಪುಗಳು ಬಿಸಿಲು ಕಾಯಿಸಿಕೊಳ್ಳುತ್ತವೆ. ನನ್ನ ಹೆಂಡತಿ ಗಿರಿಜಾ ಇದನ್ನು 'ನಿಮ್ಮ ಮ್ಯೂಸಿಯಮ್ಮು' ಎನ್ನುತ್ತಾಳೆ. ಅತಿಥಿಗಳು ಬಂದಾಗ ಬಾಲ್ಕನಿಯ ಬಾಗಿಲಿಗೆ ಚಿಲಕ ಹಾಕುತ್ತಾಳೆ. ಮ್ಯೂಸಿಯಮ್ಮಿಗೆ ಸೋಮವಾರ ರಜೆ ಇರುತ್ತದೆ, ನನ್ನದಕ್ಕೆ ನೆಂಟರು ಬಂದ ದಿನ.

ನಿವೃತ್ತನಾಗುವ ತನಕ ನಾನು ಇಲ್ಲಿಯ ಒಂದು ಸರ್ಕಾರಿ ಸಂಶೋಧನಾಲಯದಲ್ಲಿ, ಉಪಗ್ರಹಗಳ ಹೊಟ್ಟೆಯೊಳಗೆ ಹೋಗಿ ಕೂರುವ ಉಪಕರಣಗಳನ್ನು ಪರೀಕ್ಷಿಸುತ್ತಿದ್ದೆ. ಕೇಳಲು ದೊಡ್ಡದಾಗಿರುವ ಈ ಕೆಲಸದ ತಿರುಳು ಬಹಳ ಸಣ್ಣದು: ಬೇಡದ ಸದ್ದನ್ನು ಹುಡುಕಿ ಕೊಲ್ಲುವುದು. ಯಂತ್ರ ಏನನ್ನು ಹೇಳಬೇಕೋ ಅದನ್ನಷ್ಟೇ ಹೇಳಬೇಕು. ನಡುವೆ ಗುಂಯ್ ಎನ್ನಬಾರದು, ಚರ್ ಎನ್ನಬಾರದು. ಮನುಷ್ಯರಿಂದ ಇದನ್ನು ನಿರೀಕ್ಷಿಸುವಂತಿಲ್ಲವಲ್ಲ, ಅದಕ್ಕೇ ಯಂತ್ರಗಳ ಸಹವಾಸ ನನಗೆ ಹಿತವಾಗಿತ್ತು. ನಿವೃತ್ತನಾದ ಮೇಲೆ ಮನೆಯಲ್ಲಿ ಕೊಲ್ಲಲು ಸದ್ದುಗಳೇ ಇಲ್ಲದೆ ಹೋದವು. ಕುಕ್ಕರಿನ ಸೀಟಿಯ ಬಗ್ಗೆ ಒಂದು ಸಲಹೆ ಕೊಡಲು ಹೋಗಿ ಅಡುಗೆಮನೆಯಿಂದ ಗಡೀಪಾರಾದೆ.

ಆಗ ವಡೋದರಾದಿಂದ ಕುಲಕರ್ಣಿಯ ಫೋನ್ ಬಂತು. ಕುಲಕರ್ಣಿ ನನ್ನ ಹಾಗೆಯೇ ಧಾರವಾಡದವನು, ವಡೋದರಾದ ಕಾರ್ಖಾನೆಯೊಂದರಲ್ಲಿ ದುಡಿದು ಅಲ್ಲಿಯೇ ಬೇರು ಬಿಟ್ಟವನು. ದೊಡ್ಡ ಮನೆ ಬಿಟ್ಟು ಸಣ್ಣ ಫ್ಲ್ಯಾಟಿಗೆ ಹೋಗುತ್ತಿದ್ದ. ಅವನ ಅಟ್ಟದ ಮೇಲೆ ಒಂದು ವಾಲ್ವ್ ರೇಡಿಯೋ ಇತ್ತು. ಟ್ರಾನ್ಸಿಸ್ಟರ್ ಬರುವ ಮೊದಲಿನ ಕಾಲದ, ಒಳಗೆ ಗಾಜಿನ ಬುರುಡೆಗಳು ಉರಿಯುವ, ದೇವರ ಮಂಟಪದಷ್ಟು ಗಾತ್ರದ ರೇಡಿಯೋ.

"ಒಯ್ಯಪ್ಪಾ ಇದನ್ನ. ಒಳಗ ಇಲಿ ಸಂಸಾರ ಮಾಡ್ಯಾವ. ಅವುಗಳ ಹತ್ರ ಬಾಡಿಗಿ ಮಾತ್ರ ಕೇಳಬ್ಯಾಡ" ಎಂದು, ನಾನು ಅಲ್ಲಿಗೆ ಹೋದಾಗ, ಹಳೆಯ ದುಪ್ಪಟಿಯಲ್ಲಿ ಸುತ್ತಿ ಕೊಟ್ಟ.

ಮಂಟಪದಷ್ಟು ಎಂದು ನಾನು ಸುಮ್ಮನೆ ಹೇಳಲಿಲ್ಲ. ಹಿಂದಿರುಗುವಾಗ ರೈಲಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಎದುರಿಗಿದ್ದ ಹೆಂಗಸೊಬ್ಬರು ಬಹಳ ಹೊತ್ತು ನೋಡಿ, "ಮಂದಿರ್ ಛೇ?" ಎಂದು ಮೆಲ್ಲಗೆ ಕೇಳಿದರು. ಮನೆಗೆ ದೇವರ ಮಂಟಪ ಒಯ್ಯುತ್ತಿದ್ದೇನೆಂದು ಅವರ ಊಹೆ. ಅಲ್ಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವರು ಕೈ ಮುಗಿದಾಗಿತ್ತು. ಡಬ್ಬಿ ಬಿಚ್ಚಿ ಎರಡು ಥೇಪ್ಲಾ ರೊಟ್ಟಿ, ಒಂದು ಚೂರು ಉಪ್ಪಿನಕಾಯಿಯನ್ನು ನನ್ನ ಕೈಗೆ ಇಟ್ಟರು. ಕೊಟ್ಟದ್ದನ್ನು ಬೇಡವೆನ್ನುವುದು ನನ್ನ ಸ್ವಭಾವದಲ್ಲಿಲ್ಲ. ರೇಡಿಯೋ ಕೃಪೆಯಿಂದ ಹಾಗೆ ಅಂದು ಮೊದಲ ಪ್ರಸಾದವಾಯಿತು.

ಮನೆಯಲ್ಲಿ ಬಿಚ್ಚಿ ನೋಡಿದರೆ ಪೆಟ್ಟಿಗೆಯನ್ನು ಗೆದ್ದಲು ತಿಂದಿತ್ತು, ವಯರುಗಳನ್ನು ಇಲಿ ತಿಂದಿತ್ತು, ಕರೆಂಟಿನ ಟ್ರಾನ್ಸ್‌ಫಾರ್ಮರು ತನ್ನನ್ನು ತಾನೇ ಸುಟ್ಟುಕೊಂಡಿತ್ತು. ಉಳಿದದ್ದು ಒಂದು ವಾಲ್ವು, ಅದು ಕೂರುವ ಸಾಕೆಟ್ಟು, ಸ್ಪೀಕರಿಗೆ ಸದ್ದನ್ನು ದಾಟಿಸುವ ಪುಟ್ಟ ಟ್ರಾನ್ಸ್‌ಫಾರ್ಮರು ಮತ್ತು ಒಂದಷ್ಟು ಬಿಡಿ ಸಾಮಾನು. ಮತ್ತೆ ರೇಡಿಯೋ ಮಾಡುವಷ್ಟು ಸಾಮಗ್ರಿ ಇರಲಿಲ್ಲ. ಆದರೆ ಒಂದು ಪುಟಾಣಿ ಆಂಪ್ಲಿಫೈಯರಿಗೆ ಸಾಕಿತ್ತು. ಸಣ್ಣ ದನಿಯನ್ನು ಒಂದು ಕೋಣೆಗೆ ಕೇಳುವಷ್ಟು ದೊಡ್ಡದು ಮಾಡುವ ಯಂತ್ರ, ಅಷ್ಟೇ. ಮೂರು ವಾಟಿನದು. ಉತ್ತರಾಯಣದ ದಿನ ಈ ಊರಿನ ಪ್ರತಿ ಮಾಳಿಗೆಯ ಮೇಲೆ ಗಾಳಿಪಟಗಳ ಜೊತೆಗೆ ಏರುವ ಸ್ಪೀಕರುಗಳ ಮುಂದೆ ಮೂರು ವಾಟ್ ಎಂದರೆ ಮದುವೆ ಮನೆಯ ವಾಲಗದ ಮುಂದೆ ಸೊಳ್ಳೆ ಹಾಡಿದ ಹಾಗೆ.

ಆದರೂ ವಾಲ್ವ್ ಎಂಬುದರ ಬಗ್ಗೆ ನನಗೆ ಮೊದಲಿನಿಂದ ಗೌರವ. ಇಂದಿನ ಯಂತ್ರಗಳಿಗೆ ಗುಂಡಿ ಒತ್ತಿದ ಕೂಡಲೇ ಕೂಗುವ ಆತುರ. ವಾಲ್ವ್ ಹಾಗಲ್ಲ. ಅದಕ್ಕೆ ಮೊದಲು ಬಿಸಿಯಾಗಬೇಕು. ಗಾಜಿನೊಳಗೆ ಒಂದು ಕೆಂಡದ ಎಳೆ ಮೆಲ್ಲಗೆ ಕೆಂಪಾಗುತ್ತದೆ. ಅದರ ಕಾವಿಗೆ ಎಲೆಕ್ಟ್ರಾನುಗಳು ಎದ್ದು ಎದುರಿನ ತಗಡಿನ ಕಡೆಗೆ ಹೊರಡುತ್ತವೆ. ನಡುವೆ ಒಂದು ಜಾಲರಿ ನಿಂತು, ಬರುವ ಸಣ್ಣ ದನಿ ಹೇಳಿದಂತೆ ಅವುಗಳನ್ನು ಬಿಡುತ್ತದೆ, ತಡೆಯುತ್ತದೆ. ಬಾಗಿಲಲ್ಲಿ ನಿಂತ ಸಣ್ಣವನ ಮಾತಿಗೆ ದೊಡ್ಡ ಮೆರವಣಿಗೆ ಕುಣಿಯುತ್ತದೆ. ಇಷ್ಟೇ ಅದರ ವೇದಾಂತ. ಇದನ್ನು ಗಿರಿಜಾಗೆ ವಿವರಿಸಿದಾಗ ಅವಳು, "ಅಂದ್ರ ಇದೂ ನಿಮ್ಹಂಗ. ಚಹಾ ಕುಡದು ಬಿಸಿ ಆಗೋತನಕ ಬಾಯಿ ಬಿಡಂಗಿಲ್ಲ" ಎಂದಳು. ಇಂಥ ಶಿಷ್ಯರಿದ್ದರೆ ಗುರುವಿಗೆ ಬೇರೆ ಪರೀಕ್ಷೆ ಬೇಡ.

ಒಂದು ನಿಯಮ ಮಾಡಿಕೊಂಡೆ: ಇದರಲ್ಲಿ ಹೊಸದಾಗಿ ಕೊಂಡ ಒಂದು ಚೂರೂ ಇರಬಾರದು. ನಿಯಮ ಮಾಡಿಕೊಳ್ಳುವುದು ಸುಲಭ, ಪಾಲಿಸಲು ನಾಲ್ಕು ಜನರ ಕಾಲು ಹಿಡಿಯಬೇಕು. ಸುಟ್ಟುಹೋದ ಟ್ರಾನ್ಸ್‌ಫಾರ್ಮರಿಗೆ ಬದಲಿ ಬೇಕಾಯಿತು. ನಮ್ಮ ಮಗಳು ಅದಿತಿ ಸೂರತ್ತಿನ ಪಾಂಡೇಸರಾದಲ್ಲಿ, ಸೀರೆಗಳಿಗೆ ಬಣ್ಣ ಹಾಕಿ ಅಚ್ಚೊತ್ತುವ ಗಿರಣಿಯೊಂದರಲ್ಲಿ ಡಿಸೈನರು. ಅಲ್ಲಿ ಹಳೆಯ ಯಂತ್ರವೊಂದನ್ನು ಬಿಚ್ಚಿ ಗುಜರಿಗೆ ಹಾಕುತ್ತಿದ್ದಾರೆಂದು ಅವಳು ಮಾತಿಗೆ ಹೇಳಿದ್ದೇ ತಡ, ಅದರ ಕರೆಂಟಿನ ಪೆಟ್ಟಿಗೆಯಲ್ಲಿ ಏನಿದೆ ನೋಡು ಎಂದು ದುಂಬಾಲು ಬಿದ್ದೆ. ಅವಳು ಗಿರಣಿಯವರನ್ನು ಕೇಳಿಕೊಂಡು, ದುಪ್ಪಟ್ಟಾದಲ್ಲಿ ಕಟ್ಟಿ ಒಂದು ಶನಿವಾರ ತಂದಳು. ಹಸಿರು, ಗುಲಾಬಿ ಬಣ್ಣದ ಕಲೆ ಬಿದ್ದ ಆ ಕಬ್ಬಿಣದ ಗಟ್ಟಿಯನ್ನು ಸೋಫಾದ ಮೇಲೆ ಇಳಿಸಿ ಭುಜ ಒತ್ತಿಕೊಂಡಳು.

"ಅಪ್ಪಾ, ನಿನ್ನ ವಸ್ತು ತಂದೀನಿ. ಎಷ್ಟು ವಜನ್ ಅದ ಗೊತ್ತಾ? ನನ್ನ ಕಂಧಾ ಹೋಯ್ತು!"

ಇಲ್ಲೇ ಹುಟ್ಟಿ ಬೆಳೆದ ಹುಡುಗಿ. ಅವಳ ಕನ್ನಡದಲ್ಲಿ ಹೆಗಲಿನಂಥ ಅಂಗಗಳಿಗೆ ಹಿಂದಿಯೇ ಗತಿ. ಅದರ ಬಗ್ಗೆ ಮೊದಲು ಬೇಸರಪಡುತ್ತಿದ್ದೆ. ಆದರೆ ಭಾರ ಹೊತ್ತದ್ದು ನಮ್ಮದೇ ಹುಡುಗಿಯ ಹೆಗಲು ತಾನೆ, ಅದಕ್ಕೆ ಅವಳು ಇಟ್ಟ ಹೆಸರಿನಲ್ಲೇ ಕರೆಯಲಿ ಎಂದು ಈಗ ಸುಮ್ಮನಿದ್ದೇನೆ.

ಸ್ಪೀಕರು ಇಲ್ಲಿಯ ಭಾನುವಾರದ ಗುಜರಿ ಬಜಾರಿನಲ್ಲಿ ಸಿಕ್ಕಿತು. ನದಿಯ ದಂಡೆಯ ಮೇಲೆ ಜಗತ್ತಿನ ಹಳತೆಲ್ಲ ಚಾದರದ ಮೇಲೆ ಮಲಗಿ ಬಿಸಿಲು ಕಾಯುವ ಸಂತೆ ಅದು. ನಮ್ಮ ಕನ್ನಡದ ಗುಜರಿಗೂ ಇವರ ಗುಜರಿಗೂ ನಂಟಿದೆಯೋ ಇಲ್ಲವೋ ಪಂಡಿತರು ಹೇಳಲಿ. ನನಗಂತೂ ಅಲ್ಲಿ ಕಾಲಿಟ್ಟರೆ ತವರಿಗೆ ಬಂದಂತಾಗುತ್ತದೆ. ಗಿರಿಜಾ ಹೇಳುವ ಪ್ರಕಾರ ನಾನು ಅಲ್ಲಿ ಒಂದು ಜಾಗದಲ್ಲಿ ಬಹಳ ಹೊತ್ತು ನಿಲ್ಲಬಾರದು, ಯಾರಾದರೂ ಬೆಲೆ ಕೇಳಿಬಿಟ್ಟಾರು.

ಎಲ್ಲ ಕೂಡಿತು. ಇನ್ನು ಇವನ್ನೆಲ್ಲ ಕೂರಿಸಲು ಒಂದು ಲೋಹದ ಪೀಠ ಬೇಕು. ಮಟ್ಟಸವಾಗಿರಬೇಕು, ಅಂಚಿರಬೇಕು, ತೂತು ಹಾಕಲು ಬರಬೇಕು. ಹುಡುಕುತ್ತ ಅಡುಗೆಮನೆಗೆ ಹೋದೆ. ಗಿರಿಜಾ ತರಕಾರಿಗೆ ಹೋಗಿದ್ದಳು. ಕಟ್ಟೆಯ ಮೂಲೆಯಲ್ಲಿ ಅಗಲವಾದ, ಗಟ್ಟಿ ಅಂಚಿನ, ಹಳೆಯ ಅಲ್ಯುಮಿನಿಯಂ ತಟ್ಟೆಯೊಂದು ಗೋಡೆಗೆ ಒರಗಿ ನಿಂತಿತ್ತು. ಢೋಕಳಾ ಬೇಯಿಸುವಂಥ ತಟ್ಟೆ. ಬಹಳ ದಿನದಿಂದ ಅದು ಅಲ್ಲೇ ನಿಂತಿದ್ದನ್ನು ನೋಡಿದ್ದೆ, ಯಾರೂ ಬಳಸುತ್ತಿರಲಿಲ್ಲ. ನನಗಾಗಿಯೇ ಕಾಯುತ್ತಿದೆ ಎನಿಸಿತು.

ಇಲ್ಲಿ ನಿಮಗೆ ನಮ್ಮ ಹೌಸಿಂಗ್ ಸೊಸೈಟಿಯ ಒಂದು ಪದ್ಧತಿಯನ್ನು ಹೇಳಬೇಕು. ಗುಜರಾತಿನಲ್ಲಿ ನೆರೆಯವರ ನಡುವಿನ ಗಾಢ ಸ್ನೇಹಕ್ಕೆ ವಾಟ್ಕಿ ವ್ಯವಹಾರ್ ಎನ್ನುತ್ತಾರೆ. ವಾಟ್ಕಿ ಎಂದರೆ ಬಟ್ಟಲು. ನಮ್ಮ ಮನೆಯ ಪಲ್ಯ ಒಂದು ಬಟ್ಟಲು ನಿಮ್ಮಲ್ಲಿಗೆ, ನಿಮ್ಮ ಮನೆಯ ದಾಲ್ ಒಂದು ಬಟ್ಟಲು ನಮ್ಮಲ್ಲಿಗೆ. ಇದಕ್ಕೆ ಇರುವುದು ಒಂದೇ ಕಾನೂನು: ಬಂದ ಪಾತ್ರೆ ಖಾಲಿ ಹಿಂದಿರುಗಬಾರದು. ನಮ್ಮ ಧಾರವಾಡದಲ್ಲೂ ಹಾಗೆಯೇ ಅನ್ನಿ, ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕುತ್ತಾರೆ. ನಮ್ಮ ನೇರ ಮೇಲಿನ ಮನೆಯ ಹಂಸಾಬೆನ್ ಮತ್ತು ಗಿರಿಜಾ ಮೂವತ್ತು ವರ್ಷದಿಂದ ಈ ಕಾನೂನಿಗೆ ತಲೆಬಾಗಿ ನಡೆದವರು. ಮೇಲಿನಿಂದ ಹಾಂಡ್ವೋ ಇಳಿದರೆ ಕೆಳಗಿನಿಂದ ಚಕ್ಕುಲಿ ಏರುತ್ತದೆ. ಉಂಧಿಯು ಇಳಿದರೆ ಹೋಳಿಗೆ ಏರುತ್ತದೆ. ಎರಡು ಮನೆಗಳ ಪಾತ್ರೆಗಳಿಗೆ ಮೆಟ್ಟಿಲು ಬಾಯಿಪಾಠವಾಗಿದೆ.

ಹಾಗಾದರೆ ತಟ್ಟೆಯನ್ನು ತಿರುಗಿಸಿ ಯಾರದೆಂದು ನೋಡಬಾರದಿತ್ತೇ ಎಂದು ನೀವು ಕೇಳಬಹುದು. ನಮ್ಮ ಮನೆಯ ಪಾತ್ರೆಗಳ ಮೇಲೆಲ್ಲ ಹೆಸರು ಕೊರೆಸಿದೆ. ಹಳೆಯವುಗಳ ಮೇಲೆ ನನ್ನ ತಂದೆಯದು, ಆಮೇಲಿನವುಗಳ ಮೇಲೆ ನನ್ನದು. ಹೀಗೆ ಕೈಗೆ ಸಿಕ್ಕಿದ್ದೆಲ್ಲ ನನ್ನ ಹೆಸರಿನದೇ ಆಗಿರುವ ಮನೆಯಲ್ಲಿ ಬದುಕಿದವನಿಗೆ ತಟ್ಟೆ ತಿರುಗಿಸಿ ನೋಡುವ ಅಭ್ಯಾಸ ಎಲ್ಲಿಂದ ಬರಬೇಕು?

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ತಟ್ಟೆಯನ್ನು ಬೋರಲು ಹಾಕಿ, ಎಷ್ಟೋ ವರ್ಷದ ಒಲೆಯ ಮಸಿ ಹಿಡಿದ ತಳದ ಮೇಲೆ ನಕ್ಷೆಯ ಕಾಗದ ಅಂಟಿಸಿ, ಡ್ರಿಲ್ ಹಿಡಿದೆ. ವಾಲ್ವಿನ ಸಾಕೆಟ್ಟಿಗೆ ದೊಡ್ಡ ತೂತು, ಬೋಲ್ಟುಗಳಿಗೆ ಸಣ್ಣ ತೂತುಗಳು, ವಯರು ನುಸುಳಲು ಇನ್ನಷ್ಟು. ಹಳೆಯ ಡ್ರಾಯರಿನ ತೇಗದ ಹಲಗೆಗಳಿಂದ ಕೆಳಗೆ ಚೌಕಟ್ಟು ಕಟ್ಟಿದೆ. ವಾಲ್ವಿನ ಹೊಟ್ಟೆಪಾಡಿಗೆ ಬೇಕಾಗುವ ಕರೆಂಟು ಮೈ ಮುಟ್ಟಿದರೆ ಮೇಲೆ ಕಳಿಸುವಂಥದ್ದು. ಅದನ್ನು ಬೆರಳಿಗೆ ಸಿಗದ ಹಾಗೆ ಮುಚ್ಚುವುದು ಮೊದಲ ಧರ್ಮ. ಸೋಲ್ಡರಿನ ಹೊಗೆ ಕುಡಿಯುತ್ತ ಎರಡು ವಾರ ನಾನು ಇಷ್ಟು ಸುಖವಾಗಿದ್ದೆನೆಂದರೆ ಕುಕ್ಕರು ಎಷ್ಟು ಸೀಟಿ ಹಾಕಿದರೂ ಎಣಿಸಲಿಲ್ಲ. ಕೆಲಸದ ಮೇಲೆ ಸದಾ ಹಳೆಯ ಟವೆಲು ಮುಚ್ಚಿರುತ್ತಿದ್ದೆ. ಗಿರಿಜಾ ಬಾಲ್ಕನಿಗೆ ಬರುವವಳಲ್ಲ.

ಒಂದು ಮಧ್ಯಾಹ್ನ ಅದನ್ನು ಊಟದ ಮೇಜಿನ ಮೇಲೆ ಟವೆಲಿನ ಸಮೇತ ಇಟ್ಟು, ವಾಲ್ವಿನ ತಲೆಯನ್ನು ಮಾತ್ರ ಹೊರಗೆ ಬಿಟ್ಟು, ಸ್ವಿಚ್ ಹಾಕಿದೆ. ಗಾಜಿನೊಳಗೆ ಕೆಂಪು ಮೂಡಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಗುಜರಿಯ ಸ್ಪೀಕರು ಬಾಯಿ ಬಿಟ್ಟಿತು: ಗುಂಯ್...

ಮೊಬೈಲಿನಿಂದ ಹಾಡು ಕೊಟ್ಟಾಗ ಹಾಡೂ ಬಂತು, ಬೆಚ್ಚಗೆ, ದುಂಡಗೆ, ಪಕ್ಕದಲ್ಲಿ ಕೂತು ಹಾಡಿದ ಹಾಗೆ. ಆದರೆ ಅದರ ಹಿಂದೆ ಆ ಗುಂಯ್ ಬಿಡಲಿಲ್ಲ. ಜೀವಮಾನವಿಡೀ ಬೇಡದ ಸದ್ದನ್ನು ಬೇಟೆಯಾಡಿದವನ ಮನೆಯಲ್ಲೇ ಅದು ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿತು. ನನ್ನ ಮುಖ ಸಣ್ಣದಾಯಿತು. ಗಿರಿಜಾ ಮಾತ್ರ ಕಣ್ಣು ಮುಚ್ಚಿ ಆಲಿಸಿದಳು. ಹುಡುಗಿಯಾಗಿದ್ದಾಗ ಧಾರವಾಡದಲ್ಲಿ ಒಂದಷ್ಟು ಹಿಂದುಸ್ತಾನಿ ಕಲಿತವಳು. ಇಲ್ಲಿ ಹಂಸಾಬೆನ್ ನಡೆಸುವ ಹೆಂಗಸರ ಭಜನ ಮಂಡಳಿಗೆ ಹಾರ್ಮೋನಿಯಂ ನುಡಿಸುತ್ತಾಳೆ.

"ಬಿಳಿ ಐದು" ಎಂದಳು. "ತುಸು ಏರೇದ. ಆದ್ರ ಬಿಳಿ ಐದನ. ನಮ್ಮ ಮಂಡಳಿ ಹಾಡೋ ಸ್ವರ."

ಲೆಕ್ಕ ಹಾಕಿ ನೋಡಿದೆ. ನಮ್ಮ ಕರೆಂಟು ಸೆಕೆಂಡಿಗೆ ಐವತ್ತು ಸಲ ಅಲೆಯುತ್ತದೆ, ಅದನ್ನು ಡಯೋಡುಗಳಿಂದ ನೇರ ಮಾಡಿದಾಗ ಉಳಿಯುವ ಅಲುಗಾಟ ನೂರು. ಹಾರ್ಮೋನಿಯಮ್ಮಿನ ಐದನೆಯ ಬಿಳಿ ಮನೆ ಅದರ ಪಕ್ಕದ್ದೇ. ಅಂದರೆ ದೇಶದ ಎಲ್ಲ ಕೆಟ್ಟ ಯಂತ್ರಗಳೂ ಹೆಚ್ಚುಕಡಿಮೆ ಒಂದೇ ಶ್ರುತಿಯಲ್ಲಿ ನರಳುತ್ತಿವೆ! ಇಷ್ಟು ವರ್ಷ ಈ ಸದ್ದನ್ನು ಕೊಂದವನು ಅದು ಯಾವ ಸ್ವರವೆಂದು ಒಮ್ಮೆಯೂ ಕೇಳಿರಲಿಲ್ಲ. ಆದರೂ ಬಿಡುವ ಜಾತಿ ನನ್ನದಲ್ಲ. ಆ ಅಲುಗಾಟವನ್ನು ನುಂಗಬೇಕಾದ ಹಳೆಯ ಕಂಡೆನ್ಸರು ಒಣಗಿರಬೇಕು, ಹೊಸದು ಹಾಕಿದರೆ ನಿಂತೀತು. ಹಾಕಿದರೆ ನಿಯಮ ಮುರಿದೀತು. ಮೊದಲು ಅರ್ಥಿಂಗ್ ಗಟ್ಟಿ ಮಾಡಿ ನೋಡೋಣವೆಂದು ಎಲ್ಲವನ್ನೂ ಬೋರಲು ಹಾಕಿ, ತಟ್ಟೆಯ ತಳದಲ್ಲಿ ಒಂದು ಕಡೆ ಕಾಗದ ಕಿತ್ತು, ಮಸಿ ಹೋಗಿ ಲೋಹ ಹೊಳೆಯುವ ತನಕ ಮರಳುಕಾಗದದಿಂದ ಉಜ್ಜಿದೆ.

ಮಸಿಯ ಕೆಳಗಿನಿಂದ ಚುಕ್ಕೆಗಳು ಎದ್ದವು. ಉಳಿ ಹಿಡಿದು ಒಂದೊಂದೇ ಚುಕ್ಕೆ ಹೊಡೆದು ಬರೆದ ಹಳೆಯ ಗುಜರಾತಿ ಅಕ್ಷರಗಳು. ಅಂಗಡಿಯ ಬೋರ್ಡುಗಳನ್ನು ಓದಿ ಕಲಿತ ನನ್ನ ಗುಜರಾತಿಗೆ ಎರಡು ಅಕ್ಷರ ಕೂಡಿಸುವುದೇನೂ ಕಷ್ಟವಾಗಲಿಲ್ಲ. ಹಂಸಾ.

ಅಷ್ಟರಲ್ಲಿ ಗಿರಿಜಾ ಬಂದು ಹಿಂದೆ ನಿಂತಿದ್ದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಕುರ್ಚಿ ಎಳೆದು ಕೂತಳು.

"ಎರಡು ದಿನದಿಂದ ಹುಡುಕಾಡ್ಲಿಕತ್ತೀನಿ ಈ ತಾಟು. ಹಂಸಾಬೆನ್ ವಡೋದರಾಕ್ಕ ಮಗಳ ಹೆರಿಗಿಗೆ ಹೋಗೋ ಮುಂಚೆ ಇದರಾಗ ಢೋಕಳಾ ಕೊಟ್ಟು ಹೋಗಿದ್ರು. ಬಂದ ಮ್ಯಾಲೆ ಗೋದಿ ಹುಗ್ಗಿ ಹಾಕಿ ಕೊಡೋಣಂತ ಇಟ್ಟಿದ್ದೆ."

"ಹೊಸಾದು ತಂದು ಕೊಡೋಣ, ಇದಕ್ಕಿಂತ ಛಲೋದು" ಎಂದೆ ನಾನು. ಹೊಸದು ಕೊಳ್ಳುವ ಮಾತು ನನ್ನ ಬಾಯಿಂದ ಬಂದದ್ದೇ ಪರಿಸ್ಥಿತಿ ಎಷ್ಟು ಗಂಭೀರ ಎಂಬುದಕ್ಕೆ ಸಾಕ್ಷಿ.

"ಹೊಸಾ ತಾಟು ತರ್ತೀರಿ. ಆ ಹೆಸರು ಎಲ್ಲಿಂದ ತರ್ತೀರಿ?" ಎಂದಳು. "ಅವರ ಮನ್ಯಾಗ ಎಲ್ಲಾ ಭಾಂಡೆದ ಮ್ಯಾಲೆ ಮಾವನ ಹೆಸರು, ಇಲ್ಲಾ ಗಂಡನ ಹೆಸರು. ಇದೊಂದು ತಾಟು ಅವರ ಅವ್ವ ಮದುವಿಗೆ ಮುಂಚೆ ಹೆಸರು ಹಾಕಿಸಿ ಕೊಟ್ಟಿದ್ದು. ಇಡೀ ಮನ್ಯಾಗ ಅವರ ಹೆಸರಿಂದು ಇದೊಂದೇ ಅಂತ ನನಗ ಎಷ್ಟು ಸಲ ಹೇಳ್ಯಾರ."

ನಾನು ತಟ್ಟೆ ನೋಡಿದೆ. ದೇವರು ದೊಡ್ಡವನು, ಹೆಸರಿನ ಮೇಲೆ ತೂತು ಬಿದ್ದಿರಲಿಲ್ಲ. ಆದರೆ ಅದರ ಸುತ್ತಲೂ ಬಿದ್ದಿತ್ತು.

ಇದೇ ಹಂಸಾಬೆನ್ ನಮ್ಮ ಮನೆಗೆ ಏನಾಗಿದ್ದರೆಂದು ನಿಮಗೆ ಹೇಳದಿದ್ದರೆ ನನ್ನ ಆ ಹೊತ್ತಿನ ಸಂಕಟ ಅರ್ಥವಾಗುವುದಿಲ್ಲ. ಅದಿತಿ ಹುಟ್ಟಿದಾಗ ಊರಿಂದ ಯಾರೂ ಬರುವ ಹಾಗಿರಲಿಲ್ಲ. ಗಿರಿಜಾಗೆ ತಾಯಿ ಇರಲಿಲ್ಲ, ನನ್ನ ತಾಯಿ ಹಾಸಿಗೆ ಹಿಡಿದಿದ್ದಳು. ಬಾಣಂತನದ ಬಗ್ಗೆ ನನಗೆ ಗೊತ್ತಿದ್ದದ್ದು ಆ ಪದ ಮಾತ್ರ. ನಾವು ಈ ಫ್ಲ್ಯಾಟಿಗೆ ಬಂದು ವರ್ಷ ತುಂಬಿರಲಿಲ್ಲ; ಮೇಲಿನ ಮನೆಯವರ ಜೊತೆ ನಮಸ್ಕಾರದಷ್ಟೇ ಪರಿಚಯ. ಆಸ್ಪತ್ರೆಯಿಂದ ಬಂದ ದಿನ ಹಂಸಾಬೆನ್ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದು ಬಂದವರು ನನ್ನನ್ನು ಬಚ್ಚಲ ಬಾಗಿಲಿಂದ ಆಚೆ ತಳ್ಳಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆದರು. ಬಾಣಂತನ ಮುಗಿಯುವ ತನಕ ದಿನವೂ ಬಂದರು. ಬಾಣಂತಿಗೆ ಸಬ್ಬಸಿಗೆ ಬೀಜದ ನೀರು, ಅಂಟು, ಶುಂಠಿ ಹಾಕಿದ ಕಾಟ್ಲು ಎಂಬ ಸಿಹಿ, ಮೆಂತ್ಯದ ಲಾಡು. ಅವೆಲ್ಲ ಮೆಟ್ಟಿಲು ಇಳಿದು ಬರುತ್ತಿದ್ದದ್ದು ಒಂದು ಅಗಲವಾದ ಅಲ್ಯುಮಿನಿಯಂ ತಟ್ಟೆಯಲ್ಲಿ. ನಮಗೆ ಆಗ ತುಂಬಿ ಕಳಿಸಲು ಏನೂ ಇರಲಿಲ್ಲ. ಗಿರಿಜಾ ದಿನವೂ ಒಂದು ಚಿಟಿಕೆ ಸಕ್ಕರೆ ಹಾಕಿ ಕಳಿಸುತ್ತಿದ್ದಳು, ಅವರು ಅದನ್ನು ಎದುರಿಗೇ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ನನ್ನ ಮಗಳಿಗೆ ಮೊದಲ ನೀರೆರೆದ ಕೈಯ ತಟ್ಟೆಗೆ ನಾನು ತೂತು ಹಾಕಿದ್ದೆ.

ಹಂಸಾಬೆನ್ ಬರಲು ವಾರವಿತ್ತು. ಆ ವಾರದಲ್ಲಿ ಏನೇನೋ ಯೋಚಿಸಿದೆ. ತೂತುಗಳಿಗೆ ತಗಡು ಹಾಕಿ ಬೆಸೆಯಲೇ? ಅದು ಗಾಯಕ್ಕೆ ಪಟ್ಟಿ ಕಟ್ಟಿದಂತೆ ಕಾಣುತ್ತದೆ, ಢೋಕಳಾ ಅಂತೂ ಬೇಯುವುದಿಲ್ಲ. ಬಿಚ್ಚಿ ತಟ್ಟೆಯನ್ನಷ್ಟೇ ಕೊಟ್ಟು ಕ್ಷಮೆ ಕೇಳಲೇ? ಆಗ ಗಿರಿಜಾ ಹೇಳಿದಳು: "ಖಾಲಿ ಮಾತ್ರ ಕೊಡಬ್ಯಾಡ್ರಿ. ಮೂವತ್ತು ವರ್ಷದಾಗ ಒಮ್ಮೆನೂ ಖಾಲಿ ಹೋಗಿಲ್ಲ ಅದು." ಆ ಮಾತಿನಲ್ಲಿ ನನಗೆ ದಾರಿ ಕಂಡಿತು. ತಟ್ಟೆಯನ್ನು ತುಂಬಿಯೇ ಕೊಡಬೇಕು. ಅದರಲ್ಲಿ ಈಗ ಏನಿದೆಯೋ ಅದರ ಸಮೇತ. ವಡೋದರಾದ ವಾಲ್ವು, ಸೂರತ್ತಿನ ಟ್ರಾನ್ಸ್‌ಫಾರ್ಮರು, ಗುಜರಿಯ ಸ್ಪೀಕರು ಎಲ್ಲ ಅವರಿಗೇ ಸೇರತಕ್ಕದ್ದು. ಕೊಟ್ಟುಬಿಡಲು ಸಂಕಟವಾಗಲಿಲ್ಲವೇ ಎಂದರೆ ಆಯಿತು. ಎರಡು ದಿನ ಊಟ ರುಚಿಸಲಿಲ್ಲ. ಮೂರನೆಯ ದಿನ ಕೂತು ತಟ್ಟೆಯ ಮೇಲ್ಭಾಗವನ್ನು ಹುಣಸೆಹಣ್ಣು ಹಾಕಿ ಬೆಳಗಿದೆ. ತಳದ ಹಲಗೆಯಲ್ಲಿ ಹೆಸರಿನ ಜಾಗಕ್ಕೆ ಸರಿಯಾಗಿ ಕಿಟಕಿ ಕೊರೆದು, ಬೆರಳು ಒಳಗೆ ಹೋಗದಂತೆ ಅದಕ್ಕೊಂದು ಗಾಜಿನ ತುಂಡು ಕೂರಿಸಿದೆ, ತಿರುಗಿಸಿದರೆ ಹಂಸಾ ಎಂದು ಕಾಣುವ ಹಾಗೆ. ಗುಂಯ್ ಮಾತ್ರ ಹೋಗಲಿಲ್ಲ.

ಅವರು ಬಂದ ಮರುದಿನ ಇಬ್ಬರೂ ಮೆಟ್ಟಿಲು ಹತ್ತಿದೆವು. ನನ್ನ ಕೈಯಲ್ಲಿ ಯಂತ್ರ, ಗಿರಿಜಾಳ ಕೈಯಲ್ಲಿ ಸ್ಪೀಕರು ಮತ್ತು ಹುಗ್ಗಿಯ ಡಬ್ಬಿ. ಹಂಸಾಬೆನ್ "ಆವೋ ಆವೋ" ಎನ್ನುತ್ತ ಬಂದವರು ಯಂತ್ರವನ್ನು ನೋಡಿ, ಅದರ ಅಂಚನ್ನು ನೋಡಿ, ನಿಂತರು. ತಮ್ಮ ಪಾತ್ರೆಯ ಅಂಚು ಯಾವ ಹೆಣ್ಣಿಗೆ ಗುರುತು ಸಿಗುವುದಿಲ್ಲ? ನಾನು ಅಭ್ಯಾಸ ಮಾಡಿಕೊಂಡು ಹೋಗಿದ್ದ ಗುಜರಾತಿ ವಾಕ್ಯಗಳೆಲ್ಲ ಮರೆತುಹೋದವು. ಯಂತ್ರವನ್ನು ತಿರುಗಿಸಿ ಹೆಸರು ತೋರಿಸಿ, "ಮಾರೀ ಭೂಲ್, ಬೆನ್" ಎಂದಷ್ಟೇ ಹೇಳಿದೆ. ತಪ್ಪು ನನ್ನದು.

ಅವರು ಹೆಸರಿನ ಮೇಲಿನ ಗಾಜನ್ನು ಬೆರಳಿಂದ ಸವರಿದರು. ಮುಖದಲ್ಲಿ ಏನಿತ್ತೆಂದು ನೋಡುವ ಧೈರ್ಯ ನನಗಿರಲಿಲ್ಲ. ಗೋಡೆಯ ಗಡಿಯಾರವನ್ನು ನೋಡುತ್ತ ನಿಂತಿದ್ದೆ. ಕಡೆಗೆ ಅವರು ಗಿರಿಜಾಳ ಕಡೆ ತಿರುಗಿ, "ಚಾಲೋ, ಖಾಲೀ ತೋ ನಥೀ ನೇ!" ಎಂದರು. ಇರಲಿ, ಖಾಲಿಯಂತೂ ಅಲ್ಲವಲ್ಲ. ಕಣ್ಣು ಒದ್ದೆಯಾಗಿತ್ತು, ನಗು ಅದರ ಹಿಂದೆಯೇ ಬಂತು.

ಹಚ್ಚಿ ತೋರಿಸಿ ಎಂದರು. ಹಚ್ಚಿದೆ. ಗುಂಯ್ ಎಂದಿತು. "ಕ್ಷಮಿಸಿ, ಇದೊಂದು ಸದ್ದು ಹೋಗುತ್ತಿಲ್ಲ, ಒಂದು ಸಾಮಾನು ಬದಲಿಸಿ ನಾಳೆಯೇ ತೆಗೆದುಬಿಡುತ್ತೇನೆ" ಎಂದೆ. ಅವರು ತಲೆ ಓರೆ ಮಾಡಿ ಕೇಳಿ, ಗಿರಿಜಾಳನ್ನು ನೋಡಿದರು. ಗಿರಿಜಾ ಐದು ಬೆರಳು ತೋರಿಸಿದಳು. ಇಬ್ಬರೂ ನಕ್ಕರು. "ರಹೇವಾ ದೋ" ಎಂದರು ಹಂಸಾಬೆನ್. ಇರಲಿ ಬಿಡಿ. ಸರ್ಕಾರ ನನಗೆ ಜೀವಮಾನವಿಡೀ ಸಂಬಳ ಕೊಟ್ಟದ್ದು ಯಾವ ಸದ್ದನ್ನು ಕೊಲ್ಲಲೆಂದೋ, ಅದಕ್ಕೆ ಅಂದು ಕ್ಷಮಾದಾನವಾಯಿತು.

ಆಮೇಲೆ ಅವರು ನಾಚುತ್ತ ತಮ್ಮ ಮೊಬೈಲನ್ನು ನನ್ನ ಕೈಗೆ ಕೊಟ್ಟರು. ವಡೋದರಾದಲ್ಲಿ ಹೊಸ ಮೊಮ್ಮಗುವನ್ನು ಮಲಗಿಸುವಾಗ ಅವರು ಹಾಡಿದ ಜೋಗುಳವನ್ನು ಮಗಳು ರೆಕಾರ್ಡು ಮಾಡಿದ್ದಳಂತೆ. ವಯರು ಸಿಕ್ಕಿಸಿದೆ. ಬಿಳಿ ಐದರ ಆ ಗುಂಯ್ ಒಳಗಿನಿಂದ ಒಂದು ದನಿ ಎದ್ದಿತು. ತುಸು ನಡುಗುವ, ವಯಸ್ಸಾದ, ಆದರೆ ಬೆಣ್ಣೆಯಂಥ ದನಿ. ತೊಟ್ಟಿಲಿನ ಕಿರುಗುಟ್ಟುವಿಕೆಯೂ ಕೇಳುತ್ತಿತ್ತು. ಭಜನೆಯಲ್ಲಿ ಹತ್ತು ಜನರ ನಡುವೆ ಸೇರಿಹೋಗುವ ಆ ದನಿಯನ್ನು ನಾನು ಒಂಟಿಯಾಗಿ ಎಂದೂ ಕೇಳಿರಲಿಲ್ಲ. ಒಳಕೋಣೆಯಿಂದ ಅವರ ಗಂಡ ರಮೇಶ್‌ಭಾಯ್ ಪೇಪರು ಹಿಡಿದೇ ಬಾಗಿಲಿಗೆ ಬಂದರು. ವಟ್ವಾದ ಬಣ್ಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಮಾತು ಕಡಿಮೆ.

"ಕೋಣ್ ಗಾಯ್ ಛೇ?" ಎಂದು ಕೇಳಿದರು. ಯಾರು ಹಾಡುತ್ತಿರುವುದು?

ಹಂಸಾಬೆನ್ ತಟ್ಟೆಯ ಅಂಚಿನ ಮೇಲೆ ಕೈಯಿಟ್ಟುಕೊಂಡು, ತಮ್ಮ ಭಾಷೆಯಲ್ಲಿ, "ನಾನೇ" ಎಂದರು. ರಮೇಶ್‌ಭಾಯ್ ಪೇಪರು ಮಡಿಸಿ, ಸೋಫಾದ ಮೇಲೆ ಕೂತು, ಹಾಡು ಮುಗಿಯುವ ತನಕ ಕೇಳಿದರು. ಮೂರು ವಾಟಿಗೆ ಇದಕ್ಕಿಂತ ಹೆಚ್ಚಿನದೇನನ್ನು ಕೇಳಬೇಕು ನಾನು?

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ವಾಟ್ಕಿ ವ್ಯವಹಾರದಲ್ಲಿ ಕೊನೆಯ ಸರದಿ ಎಂಬುದಿಲ್ಲ. ಮುಂದಿನ ತಿಂಗಳು ಅದಿತಿ ಸೂರತ್ತಿನಿಂದ ಬಂದಿದ್ದ ಭಾನುವಾರ ಹಂಸಾಬೆನ್ ಇಳಿದು ಬಂದರು. ಕೈಯಲ್ಲಿ ಬಿಸಿ ಢೋಕಳಾ, ಮೇಲೆ ಸಾಸಿವೆ, ಕೊತ್ತಂಬರಿ. ತಟ್ಟೆ ಹೊಚ್ಚಹೊಸದು. ಗಿರಿಜಾ ಢೋಕಳಾವನ್ನು ನಮ್ಮ ಪಾತ್ರೆಗೆ ತೆಗೆದಿಟ್ಟುಕೊಂಡು, ತಟ್ಟೆ ತೊಳೆಯಲು ಹೋದವಳು ನಲ್ಲಿ ನಿಲ್ಲಿಸಿ ತಟ್ಟೆಯನ್ನು ಬೆಳಕಿಗೆ ಹಿಡಿದಳು. ನಾನು ಹೋಗಿ ನೋಡಿದೆ. ತಟ್ಟೆಯ ತಳದಲ್ಲಿ ಕನ್ನಡದಲ್ಲಿ ಕೊರೆದಿತ್ತು: ಗಿರಿಜಾ.

ಹಂಸಾಬೆನ್ ಕೇಳಿದ್ದಕ್ಕೆ ಸೂರತ್ತಿನಿಂದಲೇ ಮೊಬೈಲಿನಲ್ಲಿ ಅಕ್ಷರ ಬರೆದು ಕಳಿಸಿದವಳು ಅದಿತಿ. ಹೆಸರು ಕೊರೆಯುವ ಪಾತ್ರೆ ಅಂಗಡಿಯವನು ಆ ಲಿಪಿಯನ್ನು ಹುಟ್ಟಿದಾಗಿನಿಂದ ನೋಡಿದವನಲ್ಲ, ಚಿತ್ರ ಬಿಡಿಸುವ ಹಾಗೆ ನೋಡಿ ನೋಡಿ ಕೊರೆದಿದ್ದಾನೆ. ಹೆಸರು ತುಸು ಎಡಕ್ಕೆ ವಾಲಿದೆ. ಹಂಸಾಬೆನ್ ನನ್ನ ಕಡೆ ಬೆರಳು ತೋರಿಸಿ, "ಆಮಾ ಕಾಣಾ ನ ಪಾಡ್ತಾ, ಭಾಯ್!" ಎಂದರು. ಇದಕ್ಕೆ ತೂತು ಹಾಕಬೇಡಿ ಮಾರಾಯರೇ.

ಅವರು ಹೊರಟಾಗ ನಾನು ಅಭ್ಯಾಸಬಲದಿಂದ, "ತಾಟಿನಾಗ ಏನರ ಹಾಕಿ ಕೊಡು, ಖಾಲಿ ಕಳಸಬ್ಯಾಡ" ಎಂದೆ. ಗಿರಿಜಾ ತಟ್ಟೆಯನ್ನು ಸೆರಗಿನಿಂದ ಒರೆಸುತ್ತ, "ಇದು ಕಳಸೋದಲ್ರೀ. ಇದು ನಂದು" ಎಂದಳು.

ಮೂವತ್ತು ವರ್ಷದಿಂದ ನಾನು ಬಂದವರಿಗೆಲ್ಲ ಅಡುಗೆಮನೆಯನ್ನು ತೋರಿಸಿ, ಅದು ಇವಳ ರಾಜ್ಯ, ನನಗೆ ಅಲ್ಲಿ ಪ್ರವೇಶವಿಲ್ಲ ಎಂದು ತಮಾಷೆ ಮಾಡುತ್ತ ಬಂದಿದ್ದೆ. ಆ ರಾಜ್ಯದ ನಾಣ್ಯಗಳ ಮೇಲೆಲ್ಲ ನನ್ನ ಹೆಸರಿತ್ತೆಂಬುದು ಹೊಳೆದಿರಲಿಲ್ಲ. ಈಗ ಅಲ್ಲಿ ಒಂದು ತಟ್ಟೆ ಬೇರೆಯಾಗಿ, ಗೋಡೆಗೆ ಒರಗಿ ನಿಂತಿರುತ್ತದೆ. ಬೇಕಾದಾಗ ನಾನು ಕೇಳಿ ತೆಗೆದುಕೊಳ್ಳುತ್ತೇನೆ.